ಹದಿನಾಲ್ಕನೇ ಪಾಟಿ

ಸೋಮನಾಳಗಿ ಸರಕಾರಿ ಶಾಲೆಯ ಹದಿನಾಲ್ಕನೇ ಪಾಟಿಯ ಎಣಿಕೆ ತೊಂಬತ್ತೇಳು ಎಂದು ಪರದೆಯ ಮೇಲೆ ಮೂಡಿದಾಗ ನಾನು ಕೈಯಲ್ಲಿದ್ದ ಚಹಾವನ್ನು ಮೇಜಿನ ಮೇಲೆಲ್ಲ ಚೆಲ್ಲಿಕೊಂಡೆ. ನಿಯಂತ್ರಣ ಕೊಠಡಿಯವರೆಲ್ಲ ನಕ್ಕರು. ನಗಲಿ ಬಿಡಿ. ಜಿಲ್ಲೆಯ ಒಂಬೈನೂರು ಶಾಲೆಗಳ ಎಣಿಕೆಯನ್ನು ಆರು ವರ್ಷದಿಂದ ನೋಡುತ್ತ ಕುಳಿತವಳು ನಾನು. ತೊಂಬತ್ತು ದಾಟಿದ ಮಗುವನ್ನು ಅದುವರೆಗೆ ಎರಡೇ ಸಲ ಕಂಡಿದ್ದೆ.

ಸರಕಾರದ ಕಡತದಲ್ಲಿ ಈ ಪಾಟಿಯ ಹೆಸರು ಪ್ರಜ್ಞಾಮಾಪಕ ಫಲಕ. ಅಷ್ಟುದ್ದ ಹೆಸರು ಹೇಳಲು ಜನರಿಗೆ ಪುರುಸೊತ್ತು ಎಲ್ಲಿದೆ? ನಮ್ಮ ಕಡೆ ಬುದ್ಧಿವಂತನಿಗೆ ಶ್ಯಾಣ್ಯಾ ಅನ್ನುತ್ತಾರೆ. ಹಾಗಾಗಿ ಇದು ಶ್ಯಾಣ್ಯಾ ಪಾಟಿ ಆಯಿತು. ಮಗು ಸ್ಲೇಟಿನಂಥ ಈ ಗಾಜಿನ ಪಾಟಿಯ ಮೇಲೆ ಓದುತ್ತದೆ, ಲೆಕ್ಕ ಮಾಡುತ್ತದೆ. ಪಾಟಿ ಮಗುವಿನ ಕಣ್ಣನ್ನೂ ಬೆರಳನ್ನೂ ಗಮನಿಸುತ್ತದೆ. ತಿಳಿಯದ ಸಂಗತಿಯೊಂದು ತಿಳಿಯುವ ಮುಂಚೆ ಮನುಷ್ಯರೆಲ್ಲ ಒಂದು ಗಳಿಗೆ ನಿಂತುಬಿಡುತ್ತಾರೆ; ಕಣ್ಣು ಅಲುಗುವುದಿಲ್ಲ, ಬೆರಳು ಒತ್ತುವುದಿಲ್ಲ. ಆಮೇಲೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಬೆರಳ ತುದಿ ಬೆಚ್ಚಗಾಗುತ್ತದೆ. ಇದಕ್ಕೆ ಹೊಳಹು ಎಂದು ಹೆಸರಿಟ್ಟೆವು. ವಾರಕ್ಕೆ ಎಷ್ಟು ಹೊಳಹು, ಎಷ್ಟು ಕಠಿಣ ವಿಷಯದಲ್ಲಿ ಎಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳುವ ಸೂತ್ರ ನನ್ನದು. ನನ್ನ ಹೆಸರು ಪ್ರಭಾವತಿ ಕೊಣ್ಣೂರ. ಶಿಕ್ಷಕರ ತರಬೇತಿಯಲ್ಲಿ ಅದನ್ನು ಕೊಣ್ಣೂರ ಸೂತ್ರ ಎಂದೇ ಕಲಿಸುತ್ತಾರೆ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಎಣಿಕೆ ಎಂಬತ್ತೈದು ದಾಟಿದ ಮಕ್ಕಳನ್ನು ಜಿಲ್ಲಾ ಕೇಂದ್ರದ ಮುಂಬೆಳಕು ತರಗತಿಗೆ ಕರೆತಂದು, ಹಾಸ್ಟೆಲಿನಲ್ಲಿಟ್ಟು ಓದಿಸುತ್ತೇವೆ. ಜನ ಅದನ್ನು ಶ್ಯಾಣ್ಯಾರ ಖೋಲಿ, ಅಂದರೆ ಜಾಣರ ಕೋಣೆ, ಅನ್ನುತ್ತಾರೆ. ಹದಿನೈದಕ್ಕಿಂತ ಕೆಳಗಿನವರಿಗೆ ಅವರವರ ಶಾಲೆಯಲ್ಲೇ ಅಡಿಪಾಯ ಗುಂಪು. ಅದಕ್ಕೆ ಜನ ಇಟ್ಟ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಖೋಲಿಗೆ ಬಂದ ಮಗುವಿಗೆ ತೊಂಬತ್ತು ದಿನದ ಗಡುವು. ಅಷ್ಟರಲ್ಲಿ ಎಣಿಕೆ ಐವತ್ತಕ್ಕಿಂತ ಕೆಳಗೆ ಬಿದ್ದರೆ ಕಡತದಲ್ಲಿ 'ತಪ್ಪು ಗುರುತು' ಎಂದು ಬೀಳುತ್ತದೆ. ಆ ಮಗುವನ್ನು ಹತ್ತನೇ ತರಗತಿಯವರೆಗೆ ಮತ್ತೆ ಅಳೆಯುವಂತಿಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಈ ನಿಯಮ ಬರೆಯುವಾಗ ನಾನೂ ತಲೆ ಆಡಿಸಿದ್ದೆ.

ಹದಿನಾಲ್ಕನೇ ಪಾಟಿಯ ಮುಂದಿದ್ದ ಹೆಸರು ಶಾಕಿರಾ ನದಾಫ, ಐದನೇ ತರಗತಿ, ವಯಸ್ಸು ಹತ್ತು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅಕ್ಕ ಗುರುಸಿದ್ದವ್ವ ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಜೊತೆಗೇ ಇರುತ್ತಾಳೆ. ಏಳನೇ ಇಯತ್ತೆಯಲ್ಲಿ ನಾಪಾಸಾದ ಮೇಲೆ ಅಪ್ಪ ಅವಳನ್ನು ಶಾಲೆ ಬಿಡಿಸಿದ. ಒಬ್ಬಳು ಓದಲಿಕ್ಕೆ, ಒಬ್ಬಳು ಮನೆಗೆ ಎಂದು ಅವನ ಲೆಕ್ಕ. ಅವಳು ರೊಟ್ಟಿ ಬಡಿಯುತ್ತ ಕೇಳಿದಳು.

"ತೊಂಬತ್ತೇಳ ಅಂದ್ರ ಹೆಚ್ಚೋ ಕಡಿಮಿಯೋ?"

"ಬಾಳ ಹೆಚ್ಚ ಅಕ್ಕಾ. ನೂರಕ್ಕ ತೊಂಬತ್ತೇಳು."

"ಮತ್ತ ಉಳದ ಮೂರು ಎಲ್ಲಿಗಿ ಹೋದ್ವು?"

ಇಂಥವಳಿಗೆ ಏನು ಹೇಳುವುದು? ಚಿಕ್ಕಂದಿನಿಂದಲೂ ಹೀಗೇ. ನಾನು ಏನು ಹೇಳಿದರೂ "ಅಂದ್ರೇನ?" ಎಂದು ಒಂದು ತಕರಾರು. ಚಹಾ ಹಾಕು ಎಂದು ಮಾತು ತಿರುಗಿಸಿದೆ.

ಶಾಕಿರಾ ಖೋಲಿಗೆ ಬಂದಳು. ಉದ್ದ ಜಡೆ, ಪಟಪಟ ಮಾತು. ಮೊದಲ ವಾರ ಎಣಿಕೆ ಅರವತ್ತೆರಡು. ಹೊಸ ಜಾಗ ಎಂದುಕೊಂಡೆ. ತಿಂಗಳಿಗೆ ನಲವತ್ತೊಂದು. ಎರಡನೇ ತಿಂಗಳ ಕೊನೆಗೆ ಮೂವತ್ತು. ಖೋಲಿಯೇ ಕೆಟ್ಟದ್ದು ಎನ್ನುವಂತಿರಲಿಲ್ಲ. ಅವಳ ಹಿಂದಿನ ಬೆಂಚಿನಲ್ಲಿದ್ದ ಶ್ರೀಪಾದ ಎಂಬ ಹುಡುಗ ತನ್ನ ಊರಿನ ಶಾಲೆಯಲ್ಲಿ ಯಾರೊಂದಿಗೂ ಸೇರದೆ ಕಿಟಕಿಯ ಸರಳು ಎಣಿಸುತ್ತ ಕೂತು ಪೆಟ್ಟು ತಿನ್ನುತ್ತಿದ್ದವನು. ಇಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿ ನಗುತ್ತಿದ್ದ. ಅವನಿಗೆ ಆ ಖೋಲಿ ಅನ್ನದಷ್ಟೇ ಬೇಕಾಗಿತ್ತು. ಶಾಕಿರಾ ಮಾತ್ರ ಕೊಟ್ಟ ಲೆಕ್ಕವನ್ನು ಎರಡು ನಿಮಿಷದಲ್ಲಿ ಸರಿಯಾಗಿ ಮಾಡಿ, ಕೈಕಟ್ಟಿ ಕೂರುತ್ತಿದ್ದಳು. ಉತ್ತರ ಇತ್ತು, ಹೊಳಹು ಇರಲಿಲ್ಲ.

ಎಂಬತ್ತನೇ ದಿನ ನನಗೆ ಪಾಟಿಯ ಮೇಲೇ ಅನುಮಾನ ಬಂತು. ಸೋಮನಾಳಗಿಯ ಪಾಟಿಯೇ ಕೆಟ್ಟಿದ್ದು ಮೊದಲಿಗೆ ಹೆಚ್ಚು ತೋರಿಸಿರಬೇಕು ಎಂದು ಅದರ ಹಳೆಯ ದಾಖಲೆ ತೆಗೆದೆ. ಒಂದು ಸೋಮವಾರದವರೆಗೆ ತೊಂಬತ್ತೇಳು, ತೊಂಬತ್ತೈದು, ತೊಂಬತ್ತಾರು. ಆ ಸೋಮವಾರದಿಂದ ಹನ್ನೊಂದು. ಅದು ಶಾಕಿರಾ ಊರು ಬಿಟ್ಟ ದಿನ. ಈಗ ಆ ಪಾಟಿಯ ಮುಂದೆ ಹುಲಿಗೆಮ್ಮ ವಾಲೀಕಾರ ಎಂಬ ಹೆಸರಿತ್ತು. ಹನ್ನೊಂದು ಎಂದಮೇಲೆ ಯಾರೂ ಕಣ್ಣು ಹಾಯಿಸಿರಲಿಲ್ಲ, ನಾನೂ ಸೇರಿ.

ಶನಿವಾರ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಸೋಮನಾಳಗಿಗೆ ಹೋದೆ. ಐದನೇ ತರಗತಿಯ ಬಾಗಿಲಲ್ಲೇ ಕಾಲು ನಿಂತಿತು. ಒಂದೊಂದು ಪಾಟಿಯ ಮೇಲೆ ಎರಡೆರಡು ತಲೆ ಬಗ್ಗಿದ್ದವು. ಒಬ್ಬರ ಬೆರಳು ಎಡಕ್ಕೆ, ಒಬ್ಬರದು ಬಲಕ್ಕೆ. ಪಾಟಿಗೆ ನಾವು ನಿನ್ನ ಎದುರಿಗೆ ಇರುವುದು ಒಂದೇ ಮಗು ಎಂದು ಹೇಳಿ ಕಳಿಸಿದ್ದೆವು. ಮಕ್ಕಳ ಮುಖದ ಚಿತ್ರ ಉಳಿಸಿಕೊಳ್ಳಬಾರದು ಎಂದೂ ಹೇಳಿದ್ದೆವು. ಅದು ಪಾಪ, ಎದುರಿಗೆ ಕಂಡ ಕಣ್ಣುಗಳನ್ನೆಲ್ಲ ಒಬ್ಬರವೇ ಎಂದು ನಂಬಿ ಕೂಡಿಸಿಕೊಂಡಿತ್ತು.

"ಟೀಚರ್, ಇದೇನು?" ಎಂದೆ.

ನೀಲಾಂಬಿಕಾ ಟೀಚರ್ ಮುಖ ಬಿಳಿಚಿಕೊಂಡಿತು. "ಇಪ್ಪತ್ತೊಂದ ಪಾಟಿ ಬಂದ್ವುರಿ ಮೇಡಂ, ಹುಡುಗ್ರು ನಲವತ್ತೆರಡು. ಉಳದದ್ದು ಮುಂದಿನ ವರ್ಷ ಅಂದ್ರು. ಯಾರಿಗಿ ಕೊಡ್ಲಿ, ಯಾರಿಗಿ ಬಿಡ್ಲಿ ಹೇಳ್ರಿ? ಬಿಸಿಯೂಟಕ್ಕ ತಾಟ ಕಡಿಮಿ ಬಿದ್ರ ನಮ್ಮಲ್ಲೆ ಇಬ್ಬರಿಗಿ ಒಂದ ತಾಟ ಹಚ್ಚತೀವಿ. ಹಂಗ ಪಾಟಿನೂ ಹಚ್ಚಿದೆ."

"ಹೆಸರು?"

"ಒಂದ ಹೆಸರ ತಗೋತಿತ್ರಿ ಅದು. ಹಾಜರಿಯೊಳಗ ಯಾರ ಹೆಸರ ಮೊದಲ ಐತಿ, ಅವರದ ಹಾಕಿದೆ." ಅವಳು ದನಿ ಇಳಿಸಿದಳು. "ನನ್ನ ಸಸ್ಪೆಂಡ್ ಮಾಡ್ತಾರೇನ್ರಿ?"

ನಾನು ಆಗಲೇ ಕಿಟಕಿಯ ಪಕ್ಕ ಒಬ್ಬಳೇ ಕುಳಿತಿದ್ದ ಹುಡುಗಿಯ ಕಡೆಗೆ ನೋಡುತ್ತಿದ್ದೆ. ದುಂಡು ಮುಖ, ನಿಧಾನದ ಕೈ. ಬೆಂಚಿನ ಒಂದು ತುದಿಗೆ ಸರಿದು ಕುಳಿತಿದ್ದಳು. ಪಾಟಿಯ ಎಡ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದಳು. ಬಲ ಅರ್ಧ ಖಾಲಿ ಬಿಟ್ಟಿದ್ದಳು. ಎಣಿಕೆ ಬಿದ್ದುದರಿಂದ ಪಾಟಿ ತಾನಾಗಿಯೇ ಅವಳನ್ನು ಒಂದನೇ ತರಗತಿಯ ಪಾಠಕ್ಕೆ ಇಳಿಸಿತ್ತು. ಎರಡು ಕೂಡಿಸು ಮೂರು, ಮೂರು ಕೂಡಿಸು ನಾಲ್ಕು. ಐದನೇ ತರಗತಿಯ ಹುಡುಗಿ ತಕರಾರಿಲ್ಲದೆ ಮಾಡುತ್ತ ಕುಳಿತಿದ್ದಳು.

"ಈ ಕಡೆ ಯಾಕ ಬರೀವಲ್ಲಿ?" ಎಂದು ಬಲಭಾಗ ತೋರಿಸಿದೆ.

"ಅದು ಶಾಕಿರಾಂದ್ರಿ," ಎಂದಳು ಹುಲಿಗೆಮ್ಮ.

ಸ್ಕ್ರೂಡ್ರೈವರ್ ಚೀಲದಿಂದ ಹೊರಗೆ ಬರಲೇ ಇಲ್ಲ.

ಶನಿವಾರವಾದ್ದರಿಂದ ಶಾಕಿರಾ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಿದ್ದಳು. ಅವಳ ಮನೆ ಹುಡುಕಿಕೊಂಡು ಹೋದೆ. ತಂದೆ ಹುಸೇನಸಾಬ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅಂಗಳದಲ್ಲಿ ಸಣ್ಣ ಗಾದಿಯೊಂದರ ಹೊಲಿಗೆ ಬಿಚ್ಚಿ, ಹತ್ತಿಯನ್ನು ಹೊರಗೆ ಹರವಿಕೊಂಡು ಕುಳಿತಿದ್ದ. ಮೀಸೆಯ ತುಂಬ ಹತ್ತಿಯ ಎಳೆ.

"ಬರ್ರಿ ಮೇಡಂರಿ, ಕುಂದರ್ರಿ. ಇದು ಮಗಳ ಹಾಸ್ಟೆಲ್ ಗಾದಿರಿ. ಅಲ್ಲೆ ನಿದ್ದಿ ಬರವಲ್ದು ಅಂತಾಳ. ಮೊದಲ ಗಟ್ಟಿ ಆತೇನೋ ಅಂತ ಬಿಚ್ಚಿ ಹೊಲದೆ. ಆಮ್ಯಾಲ ಮೆತ್ತಗ ಆತೇನೋ ಅಂತ ಬಿಚ್ಚಿದೆ. ಇದು ಮೂರನೇ ಸಲ. ಮೂವತ್ತ ವರ್ಷದಾಗ ನನ್ನ ಗಾದಿ ಮ್ಯಾಲ ನಿದ್ದಿ ಬರಲಿಲ್ಲ ಅಂದವರು ಯಾರೂ ಇಲ್ರಿ." ಅವನು ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ. "ನಿದ್ದಿ ಇಲ್ಲದಕ್ಕ ಓದಾಕ ಆಗವಲ್ದೇನೋ. ನನ್ನ ತಪ್ಪಿನಿಂದ ಹುಡುಗಿ ಹಿಂದ ಬೀಳಬಾರದಲ್ರಿ."

ಮಗಳ ಆಯ್ಕೆಯಾದ ದಿನ ಇವನು ಓಣಿಗೆಲ್ಲ ಪೇಡೆ ಹಂಚಿದ್ದನೆಂದು ಟೀಚರ್ ಹೇಳಿದ್ದಳು. ನನಗೆ ಅವನ ಮುಖ ನೋಡಲು ಆಗಲಿಲ್ಲ.

ಶಾಕಿರಾ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. "ಮೇಡಂ, ಒಂದ ಮಾತ ಹೇಳ್ತೀನ್ರಿ, ಅಪ್ಪಗ ಹೇಳಬ್ಯಾಡ್ರಿ. ಆ ತೊಂಬತ್ತೇಳ ನಂದಲ್ರಿ."

"ಮತ್ತ ಯಾರದು?"

"ಗೊತ್ತಿಲ್ರಿ. ಹುಲಿಗಿ 'ಯಾಕ' ಅಂತಿದ್ಲು, ನಾ ಹೇಳ್ತಿದ್ದೆ. ಹೇಳೂಮಟ ನನಗೂ ಗೊತ್ತಿರತಿರಲಿಲ್ರಿ. ಹೇಳ್ತಾ ಹೇಳ್ತಾ ಗೊತ್ತಾಗತಿತ್ತು. ಆ ಖೋಲಿಯೊಳಗ ಎಲ್ಲಾರಿಗೂ ಎಲ್ಲಾ ಗೊತ್ತಿರತೈತಿ. ಯಾರೂ ಏನೂ ಕೇಳಂಗಿಲ್ಲ." ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಕಳ್ಳಿ ಏನ್ರಿ?"

ಹತ್ತು ವರ್ಷದ ಮಗುವಿನ ಬಾಯಲ್ಲಿ ಈ ಮಾತು. ಎರಡೂವರೆ ತಿಂಗಳಿಂದ ಅವಳು ಇದನ್ನು ಎದೆಯಲ್ಲಿಟ್ಟುಕೊಂಡು ಆ ಗಾದಿಯ ಮೇಲೆ ಹೊರಳಾಡಿದ್ದಳು. ನಾನು ಅವಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದೆ. ಅಲ್ಲವ್ವ, ಅಲ್ಲ ಎಂದೆ.

ಭಾನುವಾರ ಅಕ್ಕನ ಮುಂದೆ ಎಲ್ಲ ಹೇಳಿಕೊಂಡೆ. ಇನ್ನು ಏಳು ದಿನಕ್ಕೆ ಮಗುವಿನ ಕಡತದಲ್ಲಿ ತಪ್ಪು ಗುರುತು ಬೀಳುತ್ತದೆ. ನಿಜ ಬರೆದರೆ ಟೀಚರ್ ಕೆಲಸ ಹೋಗುತ್ತದೆ, ಮಗುವಿಗೆ ಮೋಸದ ಹೆಸರು ಬರುತ್ತದೆ. ಅಕ್ಕ ಮೆಂತ್ಯ ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು.

"ಆ ಹೊಳಹು ಯಾರಿಗಿ ಬಂತು, ಕೇಳಿದಾಕಿಗೋ ಹೇಳಿದಾಕಿಗೋ?"

"ಅದನ್ನ ಪಾಟಿ ಹೇಳೂದಿಲ್ಲಕ್ಕ."

"ಪಾಟಿ ಬಿಡು. ನಿನಗೇನ ಅನಸತೈತಿ?"

ನಾನು ಉತ್ತರಿಸಲು ಬಾಯಿ ತೆರೆದು ಹಾಗೇ ನಿಂತೆ. ನನ್ನ ಪಾಪೆ ಹಿಗ್ಗಿತೋ ಬೆರಳು ಬೆಚ್ಚಗಾಯಿತೋ, ಅಳೆಯಲು ಅಲ್ಲಿ ಪಾಟಿ ಇರಲಿಲ್ಲ. ನೆನಪಾದದ್ದು ಹಳೆಯ ಅಡುಗೆಮನೆ. ನಾನು ಒಲೆಯ ಮುಂದೆ ಕುಳಿತು ಗಟ್ಟಿಯಾಗಿ ಓದುವುದು, ಅಕ್ಕ ಹಿಟ್ಟು ನಾದುತ್ತ "ಅಂದ್ರೇನ?" ಎನ್ನುವುದು, ನಾನು ಸಿಟ್ಟಾಗಿ ಬಿಡಿಸಿ ಹೇಳುವುದು. ಮ್ಯಾಟ್ರಿಕ್, ಡಿಗ್ರಿ, ಆಮೇಲೆ ಈ ಸೂತ್ರ ಕೂಡ. ಸೂತ್ರದ ಮೂರನೇ ಸಾಲು ಆರು ತಿಂಗಳು ಕೂಡಿಬರದೆ ಕಾಡಿದಾಗ ನಾನು ಅದನ್ನು ಬೇಸರದಿಂದ ಇವಳಿಗೆ ವಿವರಿಸುತ್ತಿದ್ದೆ. ವಿವರಿಸುವಾಗ ಕೂಡಿಬಂತು. ಮುತ್ತು ಕೊಡಬೇಕಾದ ಜಾಗದಲ್ಲಿ ನಾನು ಅವಳನ್ನು ಐವತ್ತು ವರ್ಷ ದಡ್ಡಿ ಅಂದುಕೊಂಡು ಬದುಕಿದ್ದೆ.

"ಯಾಕ ಅಳತಿ?" ಎಂದಳು ಅಕ್ಕ.

"ಮೆಂತೆ ಘಾಟು."

"ಮೆಂತೆಕ ಎಲ್ಲಿ ಘಾಟು ಇರತೈತಿ?" ಎಂದು ಮತ್ತೆ ತಕರಾರು ತೆಗೆದಳು.

ಮಂಗಳವಾರ ನಾನೇ ಹೋಗಿ ಹುಲಿಗೆಮ್ಮಳನ್ನು ಖೋಲಿಗೆ ಕರೆತಂದೆ. ಹಿಂದಿನ ದಿನವೇ ನಾನು ಎಲ್ಲ ತಿಳಿಸಿದ್ದರಿಂದ ರಾಜಧಾನಿಯಲ್ಲಿದ್ದ ನಮ್ಮ ಯೋಜನೆಯ ನಿರ್ದೇಶಕರು ಗೋಡೆಯ ಪರದೆಯಲ್ಲಿ ಕುಳಿತು ನೋಡುತ್ತಿದ್ದರು. ಒಂದೇ ಬೆಂಚು, ಒಂದೇ ಪಾಟಿ. ಹುಲಿಗೆಮ್ಮ ಎಡಕ್ಕೆ ಸರಿದಳು, ಶಾಕಿರಾ ಬಲಕ್ಕೆ ಕುಳಿತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಿಸಕ್ಕನೆ ನಕ್ಕರು. ಪಾಟಿಯ ಮೇಲೆ ಲೆಕ್ಕ ಬಂತು: ನಾಲ್ಕನ್ನು ಅರ್ಧದಿಂದ ಭಾಗಿಸು.

"ಎಂಟು," ಎಂದಳು ಶಾಕಿರಾ ತಕ್ಷಣ.

"ಯಾಕ? ಭಾಗ ಮಾಡಿದ್ರ ಕಡಿಮಿ ಆಗಬೇಕಲ್ಲ?"

ಶಾಕಿರಾ ತಲೆ ಕೆರೆದುಕೊಂಡಳು. "ಹಿಂಗ ನೋಡು. ನಾಕ ರೊಟ್ಟಿ ಅದಾವು. ಬಂದವರು ಅರ್ಧರ್ಧ ರೊಟ್ಟಿ ತಿನ್ನೋರು. ಎಷ್ಟ ಮಂದಿಗಿ ಆಗತೈತಿ?"

ಹುಲಿಗೆಮ್ಮ ಬೆರಳು ಮಡಚಿದಳು. ಬಹಳ ಹೊತ್ತು. ಶ್ರೀಪಾದ ಅಸಹನೆಯಿಂದ ಉಸಿರು ಬಿಟ್ಟ. "ಎಂಟ ಮಂದಿಗಿ," ಎಂದಳು ಕೊನೆಗೆ. ನನ್ನ ಕೈಯಲ್ಲಿದ್ದ ಪರದೆಯಲ್ಲಿ ಒಂದು ಹೊಳಹು ಮಿನುಗಿತು. ಅವಳು ಅಲ್ಲಿಗೆ ಬಿಡಲಿಲ್ಲ. "ಏನೂ ತಿನ್ನದ ಮಂದಿ ಬಂದ್ರ?"

"ಆಂ?"

"ಒಂದ ತುತ್ತೂ ತಿನ್ನದವರು. ನಾಕ ರೊಟ್ಟಿ ಎಷ್ಟ ಮಂದಿಗಿ ಆಗತಾವು?"

ಶಾಕಿರಾ ಬಾಯಿ ತೆರೆದಳು, ಮುಚ್ಚಿದಳು. ಖೋಲಿಯಲ್ಲಿ ಯಾರೂ ಅಲುಗಲಿಲ್ಲ. "ಎಷ್ಟ ಮಂದಿ ಬಂದ್ರೂ... ಸಾವಿರ ಮಂದಿ ಬಂದ್ರೂ... ರೊಟ್ಟಿ ಮುಗಿಯಂಗೇ ಇಲ್ಲಲ್ಲ! ಹುಲಿಗಿ, ಅದಕ್ಕ ಉತ್ತರನ ಇಲ್ಲ!" ಶ್ರೀಪಾದ ತನ್ನ ಪಾಟಿ ಬಿಟ್ಟು ಎದ್ದು ಅವರ ಬೆಂಚಿನ ಹಿಂದೆ ಬಂದು ನಿಂತಿದ್ದ. ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು, ಆದರೆ ಯಾಕೆ ಎಂದು ಅವನೂ ಯಾವತ್ತೂ ಕೇಳಿರಲಿಲ್ಲ. ಪರದೆಯಲ್ಲಿ ಹೊಳಹುಗಳು ಒಂದರ ಮೇಲೊಂದು ಏರಿದವು. ಆ ಒಂದು ಗಂಟೆಯನ್ನೇ ವಾರಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದರೆ ಎಣಿಕೆ ತೊಂಬತ್ತೆಂಟು.

ಮಕ್ಕಳು ಊಟಕ್ಕೆ ಹೋದ ಮೇಲೆ ನಿರ್ದೇಶಕರು ಕನ್ನಡಕ ಒರೆಸಿಕೊಂಡರು. "ಚೆನ್ನಾಗಿತ್ತು ಮೇಡಂ, ಸುಳ್ಳು ಹೇಳಲ್ಲ. ಆದರೆ ನಮೂನೆಯಲ್ಲಿ ಒಂದೇ ಹೆಸರಿಗೆ ಜಾಗ ಇರೋದು. ಬೇಕಿದ್ರೆ ಆ ಇನ್ನೊಂದು ಮಗೂನ ಸಹಾಯಕಿ ಅಂತ ತೋರಿಸೋಣ."

"ಯಾರಿಗೆ ಯಾರು ಸಹಾಯಕಿ ಸರ್?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಾದ್ರೆ ತಪ್ಪು ಗುರುತು ಬರೀಲೇಬೇಕಾಗುತ್ತೆ. ತಪ್ಪು ಯಾರದು ಅಂತಾನೂ ಬರೀಬೇಕು. ಮಗುದೋ, ಟೀಚರ್‌ದೋ."

"ಸೂತ್ರದ್ದು ಅಂತ ಬರೀತೀನಿ. ಹೊಳಹು ಒಬ್ಬರ ತಲೆಯೊಳಗೇ ಆಗುತ್ತೆ ಅಂತ ಲೆಕ್ಕ ಹಾಕಿದ್ದು ನಾನು. ಆ ಟೀಚರ್ ಇಬ್ಬರನ್ನ ಕೂರಿಸಿದ್ದಕ್ಕೆ ನನ್ನ ತಪ್ಪು ಹೊರಗೆ ಬಂತು."

"ಯೋಚನೆ ಮಾಡಿ. ಸೂತ್ರ ತಪ್ಪು ಅಂದ್ರೆ ಎಲ್ಲಾ ಎಣಿಕೇನೂ ಮತ್ತೆ ತೆಗೀಬೇಕಾಗುತ್ತೆ. ನಿಮ್ಮ ಹೆಸರಲ್ಲಿ ಒಂದು ಸೂತ್ರ ಅಂತ ಇರಲ್ಲ."

ಯೋಚನೆ ಮಾಡದೆ ಇರಲಿಲ್ಲ. ನನಗೆ ಮಕ್ಕಳಿಲ್ಲ, ನನ್ನ ಹೆಸರು ಹೇಳಲು ಇದ್ದದ್ದು ಅದೊಂದೇ. ಆದರೂ ಆ ಸಂಜೆ ಮನೆಯಲ್ಲಿ ಅಕ್ಕನ ಪಕ್ಕ ಕುಳಿತು ನಮೂನೆ ತುಂಬಿದೆ. ತಪ್ಪು ಯಾರದು ಎಂಬಲ್ಲಿ ಸೂತ್ರ ಎಂದು ಬರೆದೆ. ಶಾಕಿರಾ ನದಾಫ, ಹುಲಿಗೆಮ್ಮ ವಾಲೀಕಾರ ಎಂದು ಇಬ್ಬರ ಹೆಸರನ್ನೂ ಒಂದೇ ಚೌಕದಲ್ಲಿ ಒತ್ತೊತ್ತಾಗಿ ಬರೆದೆ. ಕೊನೆಗೆ ಸೂತ್ರ ರಚಿಸಿದವರು ಎಂಬ ಸಾಲು ಬಂತು. ನನ್ನ ಹೆಸರು ಬರೆದು, ಕೆಳಗೆ ಗುರುಸಿದ್ದವ್ವ ಕೊಣ್ಣೂರ, ಏಳನೇ ಇಯತ್ತೆ ನಾಪಾಸು ಎಂದು ಬರೆದೆ.

ಅಕ್ಕ ಅಕ್ಷರ ಕೂಡಿಸಿ ಓದಿದಳು. "ನನ್ನ ಹೆಸರ ಯಾಕ?"

"ತಪ್ಪಿನ್ಯಾಗ ನಿನಗೂ ಪಾಲ ಬೇಕಲ್ಲ?"

"ನಾ ಏನ ಮಾಡೇನಿ?"

"ಕೇಳಿದಿ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೇಳುತ್ತ ಕುಳಿತೆ. ಆವತ್ತು ರೊಟ್ಟಿ ಎರಡು ಸೀದವು.

ಮೂರು ವಾರಕ್ಕೆ ಆದೇಶ ಬಂತು. ಸೂತ್ರದ ಬಳಕೆ ನಿಲ್ಲಿಸಲಾಗಿದೆ. ಶಾಕಿರಾಳ ಕಡತದಲ್ಲಿ ಯಾವ ಗುರುತೂ ಬೇಡ. ಸೋಮನಾಳಗಿಯ ಟೀಚರಿಗೆ ಎಚ್ಚರಿಕೆ ಪತ್ರ ಸಾಕು. ಖೋಲಿಯಲ್ಲಿ ಒಂದು ವರ್ಷದ ಮಟ್ಟಿಗೆ, ಪ್ರಯೋಗವಾಗಿ, ಇಬ್ಬರಿಗೆ ಒಂದು ಪಾಟಿ. ಬೇಕಾದವರಿಗೆ ಮಾತ್ರ. ಶ್ರೀಪಾದ ತನಗೆ ಒಂಟಿ ಬೆಂಚೇ ಇರಲಿ ಎಂದ, ಆದರೆ ಅದನ್ನು ಆ ಇಬ್ಬರ ಹಿಂದಕ್ಕೆ ಸರಿಸಿಕೊಂಡ. ಉಳಿದ ಶಾಲೆಗಳ ಗತಿ ಏನು ಎಂದು ಯಾರೂ ಬರೆದಿರಲಿಲ್ಲ. ಅದು ದೊಡ್ಡ ಜಗಳ, ಇನ್ನೂ ನಡೆದಿದೆ.

ಹುಲಿಗೆಮ್ಮ ಹಾಸ್ಟೆಲಿಗೆ ಬರುವ ದಿನ ನಾನು ಬಸ್ ನಿಲ್ದಾಣಕ್ಕೆ ಹೋದೆ. ಇಬ್ಬರೂ ಹುಡುಗಿಯರು ಮೊದಲು ಇಳಿದರು. ಹಿಂದಿನ ಬಾಗಿಲಿನಿಂದ ಹುಸೇನಸಾಬ, ಕಂಡಕ್ಟರನ ಬೈಗುಳ ಕೇಳುತ್ತ, ಬಾಗಿಲಿಗಿಂತ ದೊಡ್ಡದಾದ ಗಾದಿಯ ಸುರುಳಿಯೊಂದನ್ನು ಎಳೆದೆಳೆದು ಇಳಿಸಿದ.

"ಮೂರ ಸಲ ಬಿಚ್ಚಿ ಹೊಲದೆ ಮೇಡಂರಿ," ಎಂದ ಬೆವರು ಒರೆಸಿಕೊಂಡು. "ಹತ್ತಿಯೊಳಗ ಏನೂ ತಪ್ಪ ಇರಲಿಲ್ರಿ. ಅಗಲ ಕಡಿಮಿ ಬಿದ್ದಿತ್ತು."

ಹಾಸ್ಟೆಲಿನ ವಾರ್ಡನ್ ಗಾದಿಯನ್ನು ನೋಡಿದಳು, ಮಂಚವನ್ನು ನೋಡಿದಳು. ಒಂದು ಮಂಚಕ್ಕೆ ಒಂದು ಮಗು ಎಂದು ಗೋಡೆಯ ಮೇಲೆ ನಿಯಮ ಅಂಟಿಸಿತ್ತು. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಒಂದು ಕಡೆ ಹಿಡಿದಳು, ನಾನು ಇನ್ನೊಂದು ಕಡೆ ಹಿಡಿದೆ, ಎರಡು ಮಂಚಗಳನ್ನು ಎಳೆದು ಜೋಡಿಸಿದೆವು.